ಬಿಸಿಲಿನ ಬೆನ್ನು ಹಿಡಿಯುವ ಫಲಕ: ನಮ್ಮ ತೋಟಕ್ಕೆ ಎಷ್ಟು ತಕ್ಕದ್ದು?

ಸೋಲಾರ್ ಪಂಪ್ ಹಾಕಿಸಿರುವ ಸದಸ್ಯ ಬಾಂಧವರು ಸಂಘದ ಕಚೇರಿಗೆ ಬಂದಾಗ ಸಾಮಾನ್ಯವಾಗಿ ಎರಡು ಮಾತು ಹೇಳುತ್ತಾರೆ. ಮೊದಲನೆಯದು, "ಕಾಗದದಲ್ಲಿ ಬರೆದಷ್ಟು ನೀರು ಬರುವುದಿಲ್ಲ." ಎರಡನೆಯದು, "ಫಲಕವನ್ನು ಸೂರ್ಯನ ಕಡೆಗೆ ತಿರುಗಿಸುವ ಚೌಕಟ್ಟನ್ನು ನಾವೇ ಮಾಡಿಕೊಂಡರೆ ಹೇಗೆ?" ಈ ಎರಡು ಮಾತಿಗೂ ಹತ್ತಿರದ ಸಂಬಂಧವಿದೆ. ಕೆಲವರು ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಅಂದಾಜು ಕೇಳಿಯೂ ಆಗಿದೆ. ಕಬ್ಬಿಣಕ್ಕೆ ಹಣ ಹಾಕುವ ಮೊದಲು ಲಾಭ ನಷ್ಟಗಳನ್ನು ತೂಗಿ ನೋಡುವುದು ಒಳ್ಳೆಯದೆಂದು ಈ ಲೇಖನ ಬರೆಯುತ್ತಿದ್ದೇವೆ.

ಮೊದಲು ನೀರಿನ ಲೆಕ್ಕ

ಕೇಂದ್ರ ಸರ್ಕಾರದ ನವೀಕರಿಸಬಹುದಾದ ಇಂಧನ ಸಚಿವಾಲಯವು ಸೌರ ಪಂಪುಗಳಿಗೆ ಒಂದು ಮಾದರಿ ತಾಂತ್ರಿಕ ವಿವರಣೆಯನ್ನು ಹೊರಡಿಸಿತ್ತು. ಅದರಲ್ಲಿ ಡಿ.ಸಿ. ಮೋಟಾರಿನ ಪಂಪು 10 ಮೀಟರ್ ಎತ್ತರಕ್ಕೆ, ಫಲಕದ ಪ್ರತಿ ವ್ಯಾಟಿಗೆ ದಿನಕ್ಕೆ 100 ಲೀಟರ್ ನೀರು ಎತ್ತಬೇಕೆಂದು ಹೇಳಿದೆ. ಅಂದರೆ 1,000 ವ್ಯಾಟಿನ ಫಲಕಕ್ಕೆ ದಿನಕ್ಕೆ ಒಂದು ಲಕ್ಷ ಲೀಟರ್. ಈ ಅಂಕಿಯ ಜೊತೆಗೆ ಒಂದು ಷರತ್ತಿದೆ. ಮೋಡವಿಲ್ಲದ ದಿನ, ಫಲಕದ ಮೇಲೆ ಚದರ ಮೀಟರಿಗೆ 7.15 ಯೂನಿಟ್ಟಿನಷ್ಟು ಬಿಸಿಲು ಬೀಳಬೇಕು. ಫಲಕವನ್ನು ದಿನಕ್ಕೆ ಮೂರು ದಿಕ್ಕಿಗೆ ಹೊಂದಿಸಿರಬೇಕು. ಬೆಳಿಗ್ಗೆ ಪೂರ್ವಕ್ಕೆ, ನಡುಹಗಲು ಮೇಲಕ್ಕೆ, ಮಧ್ಯಾಹ್ನದ ಮೇಲೆ ಪಶ್ಚಿಮಕ್ಕೆ. ಆ ಕಾರಣಕ್ಕಾಗಿಯೇ ಕೈಯಿಂದ ತಿರುಗಿಸುವ ಏರ್ಪಾಡು ಚೌಕಟ್ಟಿನಲ್ಲಿ ಇರತಕ್ಕದ್ದೆಂದೂ ವಿವರಣೆಯಲ್ಲಿ ಸೇರಿಸಿತ್ತು.

ನಮ್ಮಲ್ಲಿ ಹೆಚ್ಚಿನವರು ಫಲಕವನ್ನು ಒಮ್ಮೆ ದಕ್ಷಿಣಕ್ಕೆ ವಾಲಿಸಿ ಬಿಗಿದು, ಆಮೇಲೆ ಅದನ್ನು ಮುಟ್ಟುವುದಿಲ್ಲ. ತಿರುಗಿಸಿದ ಫಲಕದ ಅಂಕಿಯನ್ನು ತಿರುಗಿಸದ ಫಲಕದಿಂದ ನಿರೀಕ್ಷಿಸಿದರೆ ನೀರು ಕಡಿಮೆ ಬಂದಂತೆ ತೋರುವುದು ಸಹಜ. ಪಂಪಿನಲ್ಲಿ ದೋಷವಿದೆ ಎನ್ನುವ ಮೊದಲು ಈ ಒಂದು ಸಂಗತಿಯನ್ನು ನೋಡಿಕೊಳ್ಳಬೇಕು.

ತಿರುಗಿಸಿದರೆ ಎಷ್ಟು ಹೆಚ್ಚು?

ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಸೂರ್ಯ ನೆತ್ತಿಗೆ ಬರುವ ನಾಲ್ಕು ಗಂಟೆ ಮೊದಲು ಬಿಸಿಲು 60 ಡಿಗ್ರಿ ಓರೆಯಾಗಿರುತ್ತದೆ. ಆಗ ಅಂಗಾತ ಮಲಗಿರುವ ಫಲಕಕ್ಕೆ ನೇರ ಬಿಸಿಲಿನ ಅರ್ಧ ಪಾಲು ಮಾತ್ರ ಸಿಗುತ್ತದೆ. ಮೂರು ಗಂಟೆ ಮೊದಲು, 45 ಡಿಗ್ರಿ ಓರೆಯಲ್ಲಿ, ನೂರರಲ್ಲಿ 71 ಪಾಲು. ಎರಡು ಗಂಟೆ ಮೊದಲು, 30 ಡಿಗ್ರಿಯಲ್ಲಿ, 87 ಪಾಲು. ನಡುಹಗಲಿನಲ್ಲಿ ತಿರುಗುವ ಫಲಕಕ್ಕೂ ತಿರುಗದ ಫಲಕಕ್ಕೂ ಹೇಳುವಂಥ ವ್ಯತ್ಯಾಸವಿಲ್ಲ. ತಿರುಗಿಸುವುದರ ಲಾಭವೆಲ್ಲ ದಿನದ ಎರಡು ತುದಿಗಳಲ್ಲಿದೆ. ಈ ಮಾತನ್ನು ಸದಸ್ಯರು ನೆನಪಿಡಬೇಕು. ಮುಂದಿನ ತೀರ್ಮಾನಗಳೆಲ್ಲ ಇದನ್ನೇ ಅವಲಂಬಿಸಿವೆ.

ಉತ್ತರ-ದಕ್ಷಿಣವಾಗಿ ಇಟ್ಟ ಒಂದೇ ಅಕ್ಷದ ಮೇಲೆ ಫಲಕ ಪೂರ್ವದಿಂದ ಪಶ್ಚಿಮಕ್ಕೆ ಹೊರಳಿದರೆ, ತೆರೆದ ಬಯಲಿನಲ್ಲಿ ವರ್ಷದ ಸರಾಸರಿಯಲ್ಲಿ ನೂರಕ್ಕೆ 15ರಿಂದ 25ರಷ್ಟು ಹೆಚ್ಚು ವಿದ್ಯುತ್ತು ಸಿಗುತ್ತದೆ. ಎರಡು ಅಕ್ಷಗಳ ಚೌಕಟ್ಟಿನಿಂದ ಇನ್ನೂ ಸ್ವಲ್ಪ ಹೆಚ್ಚು ಸಿಗುವುದುಂಟು. ಆದರೆ ಅದರ ಕೀಲುಗಳು, ಮೋಟಾರುಗಳು, ಖರ್ಚು ಎಲ್ಲವೂ ಇಮ್ಮಡಿ. ತೋಟದ ಕೆಲಸಕ್ಕೆ ಒಂದು ಅಕ್ಷ ಸಾಕು.

ಬಿಸಿಲು ಮೋಡದ ಹಿಂದೆ ಹೋದರೆ ಬೆಳಕು ಆಕಾಶದ ಎಲ್ಲ ಕಡೆಯಿಂದಲೂ ಸಮನಾಗಿ ಬರುತ್ತದೆ. ಆಗ ಹಿಂಬಾಲಿಸಲು ಸೂರ್ಯನೇ ಇರುವುದಿಲ್ಲ. ಅಂಥ ದಿನ ಅಂಗಾತ ಮಲಗಿದ ಫಲಕವೇ ಹೆಚ್ಚು ಬೆಳಕು ಹಿಡಿಯುತ್ತದೆ.

ನಾರಾಯಣಪುರದ ಆಕಾಶ, ನಮ್ಮ ಆಕಾಶ

ಪುಸ್ತಕಗಳಲ್ಲಿ ಬರುವ ನೂರಕ್ಕೆ ಇಷ್ಟೆಂಬ ಅಂಕಿಗಳು ತೆರೆದ ಬಯಲಿನ ಅಂಕಿಗಳು. ರಾಜ್ಯದಲ್ಲಿ ಅಂಥ ಬಯಲಿಗೆ ಉದಾಹರಣೆ ಬೇಕಾದರೆ ಬೀದರ್ ಜಿಲ್ಲೆಯ ಬಸವಕಲ್ಯಾಣದ ಮಗ್ಗುಲಲ್ಲಿರುವ ನಾರಾಯಣಪುರವನ್ನು ತೆಗೆದುಕೊಳ್ಳಬಹುದು. ಕಲ್ಯಾಣದ ಚಾಲುಕ್ಯರ ಕಾಲದ ಶಿವಾಲಯವಿರುವ ಊರು. ಸುತ್ತಲೂ ದಖ್ಖನಿನ ಪ್ರಸ್ಥಭೂಮಿ. ತೊಗರಿ, ಜೋಳ, ಸೋಯಾ, ಕಬ್ಬಿನ ಹೊಲಗಳು. ಜಿಲ್ಲೆಯ ಮಳೆ ವರ್ಷಕ್ಕೆ ಸುಮಾರು 850 ಮಿಲಿಮೀಟರ್. ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿಗೇ ಬಿಸಿಲು ಹೊಲಕ್ಕೆ ಬೀಳುತ್ತದೆ, ಮುಳುಗುವವರೆಗೂ ಇರುತ್ತದೆ. ನಡುವೆ ಗುಡ್ಡವಿಲ್ಲ, ಎತ್ತರದ ಮರಗಳ ಸಾಲಿಲ್ಲ. ದಿನದ ಎರಡು ತುದಿಗಳೂ ರೈತನ ಕೈಗೆ ಸಿಗುತ್ತವೆ. ಅಲ್ಲಿ ಕೊಳವೆಬಾವಿಯ ಮೇಲೆ ತಿರುಗುವ ಚೌಕಟ್ಟು ಹಾಕಿದವನಿಗೆ ಪುಸ್ತಕದ ಅಂಕಿ ಹೆಚ್ಚುಕಡಿಮೆ ದೊರೆಯುತ್ತದೆ.

ಅದೇ ಚೌಕಟ್ಟನ್ನು ಕೊಪ್ಪ, ಶೃಂಗೇರಿ, ಮೂಡಿಗೆರೆಯ ತೋಟಕ್ಕೆ ತಂದು ನಿಲ್ಲಿಸಿದರೆ ಲೆಕ್ಕ ಬೇರೆಯಾಗುತ್ತದೆ. ನಮ್ಮ ಮಳೆ ಬೀದರಿನ ಮೂರು ನಾಲ್ಕು ಪಟ್ಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಿರುಗುವ ಚೌಕಟ್ಟಿಗೆ ಕೆಲಸವಿಲ್ಲ. ಉಳಿದ ತಿಂಗಳಲ್ಲೂ ಬೆಳಿಗ್ಗೆ ಸೂರ್ಯ ಗುಡ್ಡ ಹತ್ತಿ ಬರಬೇಕು; ಕಣಿವೆಯ ಮಂಜು ಕರಗಬೇಕು; ಆಮೇಲೆ ಸಿಲ್ವರ್ ಓಕಿನ ನೆರಳು ಸರಿಯಬೇಕು. ಸಂಜೆಯೂ ಇದೇ ಕಥೆ.

ಇಷ್ಟಾದರೂ ಒಂದು ಸಂಗತಿ ನಮ್ಮ ಪರವಾಗಿದೆ. ವರ್ಷದ ಸರಾಸರಿ ನಮಗೆ ಬೇಕಾಗಿಯೇ ಇಲ್ಲ. ಅಡಿಕೆಗೆ ನೀರು ಕೊಡಬೇಕಾದದ್ದು ಡಿಸೆಂಬರ್‌ನಿಂದ ಮೇ ತಿಂಗಳವರೆಗೆ. ಬಿಸಿಲು ಸ್ವಚ್ಛವಾಗಿರುವುದೂ ಬಹುಮಟ್ಟಿಗೆ ಆಗಲೇ. ಮಳೆಗಾಲದಲ್ಲಿ ಚೌಕಟ್ಟು ನಿಷ್ಪ್ರಯೋಜಕವಾಗಿದ್ದರೆ ನಷ್ಟವೇನಿಲ್ಲ, ಆಗ ಪಂಪೂ ನಿಂತಿರುತ್ತದೆ. ಆದ್ದರಿಂದ ಮಲೆನಾಡಿನವರು ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟೆ: ನೀರು ಬೇಕಾದ ತಿಂಗಳಲ್ಲಿ ದಿನದ ಎರಡು ತುದಿಯ ಬಿಸಿಲು ನಮ್ಮ ಫಲಕಕ್ಕೆ ಬೀಳುತ್ತದೆಯೆ?

ಇದನ್ನು ತಿಳಿಯಲು ಉಪಕರಣ ಬೇಡ. ಜನವರಿಯ ಒಂದು ದಿನ ಫಲಕ ನಿಲ್ಲಿಸುವ ಜಾಗದಲ್ಲಿ ಬೆಳಿಗ್ಗೆ 8 ಗಂಟೆಗೆ, 9 ಗಂಟೆಗೆ, ಸಂಜೆ 4 ಗಂಟೆಗೆ, 5 ಗಂಟೆಗೆ ನಿಂತು ನೋಡಿ. ಒಂದು ಬಿದಿರು ನೆಟ್ಟು ಅದರ ನೆರಳು ಬೀಳುತ್ತದೆಯೋ ಇಲ್ಲವೋ ಬರೆದುಕೊಂಡರೂ ಆಯಿತು. ನಾಲ್ಕು ಹೊತ್ತಿನಲ್ಲಿ ಮೂರು ಹೊತ್ತಾದರೂ ಬಿಸಿಲಿದ್ದರೆ ಚೌಕಟ್ಟಿನ ವಿಚಾರ ಮುಂದುವರಿಸಬಹುದು. 9ರ ನಂತರ ಬಿಸಿಲು ಬಂದು 4ಕ್ಕೆ ಮೊದಲೇ ಹೋಗುವ ಜಾಗವಾದರೆ, ತಿರುಗಿಸುವ ಆಸೆ ಬಿಟ್ಟು ಬೇರೆ ಜಾಗ ಹುಡುಕುವುದು ಲೇಸು. ಫಲಕದ ಒಂದು ಮೂಲೆಗೆ ಸೋಗೆಯ ನೆರಳು ಬಿದ್ದರೂ ಇಡೀ ಸಾಲಿನ ಉತ್ಪಾದನೆ ಇಳಿಯುತ್ತದೆಂಬುದು ಎಲ್ಲರಿಗೂ ತಿಳಿದಿರಲಿ. ಅನೇಕ ತೋಟಗಳಲ್ಲಿ ಎರಡು ಮರಗಳಿಗೆ ಮರಗಸಿ ಮಾಡಿಸಿದರೆ ಸಿಗುವ ಲಾಭ, ಚೌಕಟ್ಟಿನಿಂದ ಸಿಗುವ ಲಾಭಕ್ಕಿಂತ ಹೆಚ್ಚು.

ಐದನೆಯ ಫಲಕದ ಲೆಕ್ಕ

ಈಗ ಹಣದ ಮಾತು. ಸೆಲ್ಕೊ ಸಂಸ್ಥೆ 1995ರಲ್ಲಿ ಆರಂಭವಾಗಿ ನಮ್ಮ ಕಡೆಯ ಹಳ್ಳಿಮನೆಗಳಿಗೆ ಸೌರ ದೀಪ ತಂದ ಕಾಲದಲ್ಲಿ ಫಲಕವೇ ದುಬಾರಿ ಭಾಗ. ಒಂದೊಂದು ವ್ಯಾಟನ್ನೂ ಎಣಿಸಿ ಕೊಳ್ಳಬೇಕಾಗಿತ್ತು. 2010ರ ನಂತರದ ಹತ್ತು ವರ್ಷಗಳಲ್ಲಿ ಫಲಕದ ಬೆಲೆ ಐದರಲ್ಲೊಂದು ಪಾಲಿಗಿಂತಲೂ ಕೆಳಗಿಳಿಯಿತು. ಕಬ್ಬಿಣದ ಬೆಲೆಯಾಗಲಿ ವೆಲ್ಡಿಂಗ್ ಕೂಲಿಯಾಗಲಿ ಹಾಗೆ ಇಳಿದಿಲ್ಲ.

ನಾಲ್ಕು ಫಲಕಗಳ ಚೌಕಟ್ಟು ಒಳ್ಳೆಯ ಜಾಗದಲ್ಲಿ ನೂರಕ್ಕೆ 20ರಷ್ಟು ಹೆಚ್ಚು ಕೊಟ್ಟಿತೆಂದು ಇಟ್ಟುಕೊಳ್ಳಿ. ಅದು ಒಂದು ಫಲಕಕ್ಕಿಂತ ಸ್ವಲ್ಪ ಕಡಿಮೆಗೆ ಸಮ. ಅಂದರೆ ತಿರುಗುವ ಏರ್ಪಾಡಿಗೆ ತಗಲುವ ಹೆಚ್ಚಿನ ಖರ್ಚು ಒಂದು ಫಲಕದ ಬೆಲೆಯನ್ನು ಮೀರಿದರೆ, ಐದನೆಯ ಫಲಕ ಕೊಳ್ಳುವುದೇ ಜಾಣತನ. ಐದನೆಯ ಫಲಕಕ್ಕೆ ಕೀಲಿಲ್ಲ, ತುಕ್ಕಿಲ್ಲ, ದಿನವೂ ನೋಡಿಕೊಳ್ಳುವ ಕೆಲಸವಿಲ್ಲ. ಇದೇ ಕಾರಣದಿಂದ ಮೋಟಾರು ಕೂಡಿಸಿದ ಸಣ್ಣ ಚೌಕಟ್ಟುಗಳು ಹೆಚ್ಚಿನ ಸದಸ್ಯರಿಗೆ ಲಾಭಕರವಲ್ಲವೆಂದು ನಮ್ಮ ಅಭಿಪ್ರಾಯ. ರಾಜ್ಯದ ಮೊದಲ ದೊಡ್ಡ ಸೌರ ಸ್ಥಾವರಗಳಲ್ಲೊಂದಾದ, ಕರ್ನಾಟಕ ವಿದ್ಯುತ್ ನಿಗಮವು 2009ರ ಕೊನೆಯಲ್ಲಿ ಕೋಲಾರ ಜಿಲ್ಲೆಯ ಯಳೇಸಂದ್ರದಲ್ಲಿ ಚಾಲೂ ಮಾಡಿದ 3 ಮೆಗಾವ್ಯಾಟಿನ ಸ್ಥಾವರದಲ್ಲಿ ಫಲಕಗಳನ್ನು ಒಂದೇ ಓರೆಯಲ್ಲಿ ಬಿಗಿದು ನಿಲ್ಲಿಸಲಾಗಿದೆ.

ಹಾಗಾದರೆ ಚೌಕಟ್ಟು ಯಾರಿಗೆ? ಮೂರು ಬಗೆಯವರಿಗೆ. ಮೊದಲನೆಯದಾಗಿ, ತೋಟದ ನಡುವೆ ತೆರವಾದ ಜಾಗ ಸಣ್ಣದಿದ್ದು ಐದನೆಯ ಫಲಕಕ್ಕೆ ಸ್ಥಳವಿಲ್ಲದವರಿಗೆ. ಎರಡನೆಯದಾಗಿ, ಪಂಪಿನ ನಿಯಂತ್ರಕಕ್ಕೆ ಇನ್ನಷ್ಟು ಫಲಕ ಜೋಡಿಸಲು ಅವಕಾಶವಿಲ್ಲದವರಿಗೆ. ಮೂರನೆಯದಾಗಿ, ದಿನದ ಹೆಚ್ಚು ಗಂಟೆ ಪಂಪು ಓಡಲೇಬೇಕಾದವರಿಗೆ. ಪಂಪು ಒಂದು ಮಟ್ಟದ ವಿದ್ಯುತ್ತು ಸಿಗುವವರೆಗೆ ನೀರೆತ್ತುವುದೇ ಇಲ್ಲ. ತಿರುಗುವ ಫಲಕ ಆ ಮಟ್ಟವನ್ನು ಬೆಳಿಗ್ಗೆ ಬೇಗ ಮುಟ್ಟಿ ಸಂಜೆ ತಡವಾಗಿ ಬಿಡುತ್ತದೆ. ನಡುಹಗಲಿಗೆ ಹೆಚ್ಚು ಕೊಡುವ ಐದನೆಯ ಫಲಕದಿಂದ ಈ ಉಪಕಾರ ಅಷ್ಟಾಗಿ ಆಗದು. ನಿಧಾನವಾಗಿ ನೀರು ಒಸರುವ ಬಾವಿಯಿದ್ದವರಿಗೆ, ಒಮ್ಮೆಲೇ ಹೆಚ್ಚು ನೀರೆಳೆಯುವುದಕ್ಕಿಂತ ಹೆಚ್ಚು ಹೊತ್ತು ಸ್ವಲ್ಪ ಸ್ವಲ್ಪವೇ ಎಳೆಯುವುದು ಹಿತ. ಕಾಫಿಯ ಹೂಮಳೆಗೆ ಸ್ಪ್ರಿಂಕ್ಲರ್ ಜೆಟ್ ಓಡಿಸುವ ಆಸೆ ಮಾತ್ರ ಇದರಿಂದ ಬೇಡ. ಆ ಒತ್ತಡಕ್ಕೆ ಇಷ್ಟು ಸಣ್ಣ ಸೌರ ಪಂಪು ಸಾಲದು. ಎತ್ತರದ ತೊಟ್ಟಿ ತುಂಬಿ ಅಲ್ಲಿಂದ ಅಡಿಕೆಗೆ ಹನಿ ನೀರು ಕೊಡುವುದಕ್ಕೆ ಇದು ತಕ್ಕದ್ದು.

ಏನೂ ತಿರುಗಿಸದೆ ಈ ಲಾಭದ ಒಂದು ಪಾಲು ಪಡೆಯುವ ದಾರಿಯೂ ಇದೆ. ಮನೆಯ ಮಾಡಿನಂತೆ ಅರ್ಧ ಫಲಕಗಳನ್ನು ಪೂರ್ವಕ್ಕೂ ಅರ್ಧವನ್ನು ಪಶ್ಚಿಮಕ್ಕೂ ವಾಲಿಸಿ ಬಿಗಿಯುವುದು. ಆದರೆ ಎರಡು ಕಡೆಯ ಫಲಕಗಳನ್ನು ಒಂದೇ ಸರಣಿಯಲ್ಲಿ ಜೋಡಿಸಬಾರದು; ಬೇರೆ ಬೇರೆ ಸರಣಿ ಮಾಡಿ ನಿಯಂತ್ರಕದ ಹತ್ತಿರ ಕೂಡಿಸಬೇಕು.

ಕೈಯೇ ಮೋಟಾರು

ಯಂತ್ರವಿಲ್ಲದೆ ಸೂರ್ಯನನ್ನು ಹಿಂಬಾಲಿಸುವುದು ಹೊಸ ವಿದ್ಯೆಯಲ್ಲ. ವಿಲಿಯಂ ಆಡಮ್ಸ್ ಎಂಬ ಬ್ರಿಟಿಷ್ ಅಧಿಕಾರಿ 1870ರ ದಶಕದಲ್ಲಿ ಮುಂಬಯಿಯ ಕೊಲಾಬಾದಲ್ಲಿ ಅರ್ಧವರ್ತುಲವಾಗಿ ಕನ್ನಡಿಗಳನ್ನು ಜೋಡಿಸಿ, ಅವುಗಳ ಬಿಸಿಲನ್ನು ಒಂದು ಬಾಯ್ಲರಿಗೆ ಹಾಯಿಸಿ, ಎರಡೂವರೆ ಕುದುರೆ ಶಕ್ತಿಯ ಉಗಿಯಂತ್ರ ನಡೆಸಿದನು. ಸೂರ್ಯ ಸರಿದಂತೆ ಕನ್ನಡಿಗಳ ಸಾಲನ್ನು ಆಳು ಕೈಯಿಂದ ತಳ್ಳುತ್ತಿದ್ದನು. 1913ರಲ್ಲಿ ಫ್ರಾಂಕ್ ಶುಮನ್ ಎಂಬ ಅಮೆರಿಕನ್ ಇಂಜಿನಿಯರು ಈಜಿಪ್ಟಿನ ಕೈರೋ ಬಳಿಯ ಮಾಡಿ ಎಂಬಲ್ಲಿ, ತಾವಾಗಿಯೇ ಸೂರ್ಯನ ಕಡೆ ತಿರುಗುವ ಐದು ಉದ್ದನೆಯ ದೋಣಿಯಾಕಾರದ ಕನ್ನಡಿಗಳಿಂದ ನೈಲ್ ನದಿಯ ನೀರನ್ನು ಹೊಲಗಳಿಗೆ ಎತ್ತಿಸಿದನು. ಮಹಾಯುದ್ಧ ಬಂದು ಆ ಕೆಲಸ ನಿಂತಿತು. ಇಬ್ಬರ ಕೆಲಸದಲ್ಲಿ ನಮ್ಮ ಸಣ್ಣ ಹಿಡುವಳಿಗೆ ಹತ್ತಿರವಾದದ್ದು ಮುಂಬಯಿಯ ಪದ್ಧತಿ.

ಅದರ ಲೆಕ್ಕ ಬಹಳ ಸರಳ. ಫಲಕಕ್ಕೆ ಮೂರೇ ನಿಲುವು: ಪೂರ್ವಕ್ಕೆ 45 ಡಿಗ್ರಿ, ಮಟ್ಟ, ಪಶ್ಚಿಮಕ್ಕೆ 45 ಡಿಗ್ರಿ. ಪ್ರತಿ ನಿಲುವಿನಲ್ಲಿ ಮೂರು ಗಂಟೆ. ಹೀಗೆ ಮಾಡಿದರೆ ಆ ಒಂಬತ್ತು ಗಂಟೆಗಳಲ್ಲಿ ಯಾವ ಹೊತ್ತಿನಲ್ಲೂ ಪೂರ್ವ-ಪಶ್ಚಿಮದ ಓರೆ ಇಪ್ಪತ್ತೆರಡೂವರೆ ಡಿಗ್ರಿಯನ್ನು ಮೀರುವುದಿಲ್ಲ. ಅದರಿಂದಾಗುವ ನಷ್ಟ ಹೆಚ್ಚೆಂದರೆ ನೂರಕ್ಕೆ 8. ಮೋಟಾರು, ಸಂವೇದಕ, ನಿಯಂತ್ರಕಗಳೆಲ್ಲ ಸೇರಿ ನಮಗೆ ಕೊಡುವುದು ಈ ಎಂಟರೊಳಗಿನ ಅಲ್ಪ ಲಾಭವನ್ನು ಮಾತ್ರ.

ತಿರುಗಿಸುವ ಹೊತ್ತನ್ನು ಗಡಿಯಾರದಿಂದ ಹೇಳಬಹುದು. ನಮ್ಮ ಗಡಿಯಾರ ಪೂರ್ವ ರೇಖಾಂಶ ಎಂಬತ್ತೆರಡೂವರೆ ಡಿಗ್ರಿಯದು. ಕೊಪ್ಪ ಶೃಂಗೇರಿಗಳು ಅದಕ್ಕಿಂತ ಏಳು ಡಿಗ್ರಿಯಷ್ಟು ಪಶ್ಚಿಮಕ್ಕಿರುವುದರಿಂದ ಇಲ್ಲಿ ಸೂರ್ಯ ನೆತ್ತಿಗೆ ಬರುವುದು ಸರಾಸರಿ 12 ಗಂಟೆ 29 ನಿಮಿಷಕ್ಕೆ. ನಾರಾಯಣಪುರದಲ್ಲಿ 12 ಗಂಟೆ 22 ನಿಮಿಷಕ್ಕೆ. ಫೆಬ್ರವರಿಯಲ್ಲಿ ಇದು ಕಾಲು ಗಂಟೆ ಮುಂದಕ್ಕೆ, ನವೆಂಬರಿನಲ್ಲಿ ಕಾಲು ಗಂಟೆ ಹಿಂದಕ್ಕೆ ಸರಿಯುತ್ತದೆ. ಇವೆಲ್ಲವನ್ನೂ ಸೇರಿಸಿ ಹೇಳುವುದಾದರೆ, ಬೆಳಿಗ್ಗೆ 11 ಗಂಟೆಗೆ ಫಲಕವನ್ನು ಮಟ್ಟಕ್ಕೆ ತನ್ನಿ. ಮಧ್ಯಾಹ್ನ 2 ಗಂಟೆಗೆ ಪಶ್ಚಿಮಕ್ಕೆ ವಾಲಿಸಿ. ಸಂಜೆ ಮನೆಗೆ ಬರುವಾಗ ಪೂರ್ವಕ್ಕೆ ಮಾಡಿ ಬನ್ನಿ. ಹತ್ತು ಇಪ್ಪತ್ತು ನಿಮಿಷ ಹೆಚ್ಚುಕಡಿಮೆಯಾದರೆ ಹಾನಿಯಿಲ್ಲ. ತೋಟದಲ್ಲಿ ಆಳುಗಳು ಚಹಾಕ್ಕೆ ಏಳುವ ಹೊತ್ತಿಗೆ, ಊಟ ಮುಗಿಸಿ ಕೆಲಸಕ್ಕೆ ಇಳಿಯುವ ಹೊತ್ತಿಗೆ ಇದನ್ನು ಗೊತ್ತುಮಾಡಿದರೆ ಮರೆಯುವ ಭಯವಿಲ್ಲ. ಫಲಕ ಮನೆಯಿಂದ ಮೈಲಿ ದೂರದ ಹಳ್ಳದ ಬದಿಯಲ್ಲಿದ್ದು ಅಲ್ಲಿ ದಿನವೂ ಯಾರೂ ಇರುವುದಿಲ್ಲವೆಂದಾದರೆ ಈ ಪದ್ಧತಿ ನಡೆಯದು.

ಚೌಕಟ್ಟು ಕಟ್ಟುವ ಕ್ರಮ

ಸುಮಾರು 2 ಮೀಟರ್ ಉದ್ದ, 1 ಮೀಟರ್ ಅಗಲದ, ತಲಾ 22 ಕಿಲೋ ತೂಕದ ನಾಲ್ಕು ಫಲಕಗಳಿಗೆ ಒಂದು ಮಾದರಿ ಹೇಳುತ್ತೇವೆ.

ಅಕ್ಷಕ್ಕೆ 3 ಅಂಗುಲದ ಜಿ.ಐ. ಪೈಪು, ಉದ್ದ ಹದಿನಾಲ್ಕು ಅಡಿ. ಇದನ್ನು ಉತ್ತರ-ದಕ್ಷಿಣವಾಗಿ ಇಡಬೇಕು. ಡಿಸೆಂಬರ್‌ನಿಂದ ಏಪ್ರಿಲ್ ಮೂರನೆಯ ವಾರದವರೆಗೆ ನಡುಹಗಲ ಸೂರ್ಯ ನಮಗೆ ದಕ್ಷಿಣದಲ್ಲಿರುತ್ತಾನೆ. ಏಪ್ರಿಲ್ ಕೊನೆಯ ವಾರದಲ್ಲಿ ಒಮ್ಮೆ, ಆಗಸ್ಟ್ ಮಧ್ಯದಲ್ಲಿ ಒಮ್ಮೆ ನೆತ್ತಿಯ ಮೇಲೆ ಬರುತ್ತಾನೆ; ನಾರಾಯಣಪುರದಲ್ಲಿ ಇದು ಮೇ ಎರಡನೆಯ ವಾರ ಮತ್ತು ಆಗಸ್ಟಿನ ಮೊದಲ ದಿನಗಳು. ಆದ್ದರಿಂದ ಅಕ್ಷದ ಉತ್ತರ ತುದಿ ದಕ್ಷಿಣ ತುದಿಗಿಂತ ಎರಡೂವರೆ ಅಡಿ ಎತ್ತರದಲ್ಲಿರಲಿ. ಬಿಸಿಲಿಗೂ ಒಳ್ಳೆಯದು, ಫಲಕದ ಮೇಲೆ ಮಳೆ ನೀರು ನಿಲ್ಲದೆ ಹರಿದುಹೋಗಲೂ ಅನುಕೂಲ.

ಅಕ್ಷಕ್ಕೆ ಮೂರು ಕಂಬ. ಮೂರು ಅಡಿ ಆಳ, ಒಂದೂವರೆ ಅಡಿ ಚೌಕದ ಗುಂಡಿಯಲ್ಲಿ 1:2:4 ಕಾಂಕ್ರೀಟು. ದಕ್ಷಿಣದ ಕಂಬ ನೆಲದಿಂದ ಐದು ಅಡಿಗೆ ಕಡಿಮೆಯಾಗಬಾರದು; ಫಲಕ ವಾಲಿದಾಗ ಕೆಳ ಅಂಚು ನೆಲದಿಂದ ಎರಡೂವರೆ ಅಡಿ ಮೇಲಿದ್ದರೆ ಮಳೆಗೆ ಸಿಡಿಯುವ ಕೆಸರು ತಾಗುವುದಿಲ್ಲ.

ಬೇರಿಂಗಿಗೆ ದುಬಾರಿ ಸಾಮಾನು ಬೇಡ. ಪ್ರತಿ ಕಂಬದ ತಲೆಗೆ 4 ಅಂಗುಲದ ಪೈಪಿನ ಅರ್ಧ ಅಡಿ ತುಂಡನ್ನು ಬೆಸೆದು ಅದರೊಳಗೆ ಅಕ್ಷವನ್ನು ತೂರಿಸಿ. ಸಂದಿಗೆ ತೋಟದಲ್ಲಿ ಬಿದ್ದಿರುವ ಕಪ್ಪು ಎಚ್.ಡಿ.ಪಿ.ಇ. ನೀರಿನ ಪೈಪನ್ನು ಸೀಳಿ ಪಟ್ಟಿ ಮಾಡಿ ಸುತ್ತಿ. ಅದಕ್ಕೆ ತುಕ್ಕಿಲ್ಲ, ಗ್ರೀಸೂ ಬೇಡ. ಅಕ್ಷ ದಕ್ಷಿಣಕ್ಕೆ ಜಾರದಂತೆ ಕೆಳತುದಿಯಲ್ಲಿ ಒಂದು ಬಳೆ ಬೆಸೆಯಬೇಕು.

ಫಲಕಗಳು ಅಕ್ಷದ ಮೇಲೆ ಕೂರುವುದರಿಂದ ಭಾರ ಮೇಲಾಗುತ್ತದೆ. ವಾಲಿಸಿದಾಗ ತಾನಾಗಿ ಕುಸಿಯುವ ಚೌಕಟ್ಟು ಕೈಗೂ ಅಪಾಯ, ಗಾಜಿಗೂ ಅಪಾಯ. ಅಕ್ಷದ ಕೆಳಗೆ ಒಂದೂವರೆ ಅಡಿಯ ತೋಳು ಇಳಿಸಿ 25ರಿಂದ 30 ಕಿಲೋ ಪ್ರತಿಭಾರ ಕಟ್ಟಿ. ಕಾಂಕ್ರೀಟು ತುಂಬಿದ ಪೈಪಿನ ತುಂಡು ಸಾಕು. ತೂಕ ಸರಿಹೊಂದಿದರೆ ಒಬ್ಬ ಹುಡುಗನೂ ಒಂದು ಕೈಯಲ್ಲಿ ತಿರುಗಿಸಬಲ್ಲ.

ನಿಲುವನ್ನು ಹಿಡಿದಿಡಲು ನಡುಗಂಬದಲ್ಲಿ ಮೂರು ತೂತುಗಳ ಕಮಾನು ಪಟ್ಟಿ ಮತ್ತು ದಪ್ಪ ಪಿನ್ನು. ಇದೊಂದನ್ನೇ ನೆಚ್ಚಬಾರದು. ಗಂಟೆಗೆ 100 ಕಿಲೋಮೀಟರಿನ ಗಾಳಿ ಎದುರಾಗಿ ಬಡಿದರೆ ಚದರ ಮೀಟರಿಗೆ ಸುಮಾರು 47 ಕಿಲೋ ಭಾರ ಬೀಳುತ್ತದೆ. ನಾಲ್ಕು ಫಲಕಕ್ಕೆ ಅದು 370 ಕಿಲೋ ದಾಟುತ್ತದೆ. ಆದ್ದರಿಂದ ಎರಡು ತುದಿಗಳಲ್ಲೂ ಚೌಕಟ್ಟಿನ ಅಂಚಿನಿಂದ ಕಂಬದ ಬುಡಕ್ಕೆ ಊರೆ ಪೈಪು ಕೊಟ್ಟು ಅದಕ್ಕೂ ಪಿನ್ನು ಹಾಕಬೇಕು. ಏಪ್ರಿಲ್-ಮೇ ತಿಂಗಳ ಗುಡುಗು ಗಾಳಿ ಏಳುವ ಸೂಚನೆ ಕಂಡಾಗ ಫಲಕವನ್ನು ಮಟ್ಟಕ್ಕೆ ತಂದು ಮೂರು ಪಿನ್ನುಗಳನ್ನೂ ಹಾಕಿಡಿ. ಆಲಿಕಲ್ಲು ಹೆಚ್ಚಾಗಿ ಬೀಳುವ ಕಡೆ, ಗಾಳಿಯಿಲ್ಲದಿದ್ದರೆ ಓರೆಯಾಗಿ ನಿಲ್ಲಿಸುವುದರಿಂದ ಪೆಟ್ಟು ಕಡಿಮೆ.

ಒಂದಕ್ಕಿಂತ ಹೆಚ್ಚು ಚೌಕಟ್ಟು ಹಾಕುವವರು ಪೂರ್ವ-ಪಶ್ಚಿಮದ ನಡುವಿನ ಅಂತರವನ್ನು ಚೌಕಟ್ಟಿನ ಅಗಲದ ಎರಡೂವರೆ ಪಟ್ಟಿಗೆ ಕಡಿಮೆ ಮಾಡಬಾರದು. ಇಲ್ಲವಾದರೆ ಬೆಳಿಗ್ಗೆ ಒಂದರ ನೆರಳು ಇನ್ನೊಂದರ ಮೇಲೆ ಬಿದ್ದು ತಿರುಗಿಸಿದ ಲಾಭ ಹೋಗುತ್ತದೆ.

ಮೋಟಾರು ಬೇಕೇಬೇಕೆನ್ನುವವರಿಗೆ

ಒಂದು ಕಾಲದಲ್ಲಿ ಮಲೆನಾಡಿನ ಅಂಗಳಗಳಲ್ಲಿ ನಿಂತಿದ್ದ ದೊಡ್ಡ ಡಿಶ್ ಆಂಟೆನಾಗಳನ್ನು ತಿರುಗಿಸುತ್ತಿದ್ದ, ಉದ್ದಕ್ಕೆ ಚಾಚುವ ಮೋಟಾರು ದಂಡ ಈ ಕೆಲಸಕ್ಕೆ ಒದಗುತ್ತದೆ. ಅದರಲ್ಲಿ ಹೆಚ್ಚಿನವು 36 ವೋಲ್ಟಿನವು. ಹೊಸದಾಗಿ 12 ಮತ್ತು 24 ವೋಲ್ಟಿನ ದಂಡಗಳೂ ಸಿಗುತ್ತವೆ. ನಿಯಂತ್ರಣಕ್ಕೆ ಎರಡು ದಾರಿ. ನಡುವೆ ಗೋಡೆಯಿಟ್ಟು ಎರಡು ಬೆಳಕಿನ ಸಂವೇದಕ ಜೋಡಿಸಿ, ಯಾವ ಕಡೆ ಬೆಳಕು ಹೆಚ್ಚೋ ಆ ಕಡೆ ತಿರುಗಿಸುವುದು ಒಂದು. ನಾರಾಯಣಪುರದ ನಿರ್ಮಲ ಆಕಾಶಕ್ಕೆ ಇದು ಸರಿ. ನಮ್ಮಲ್ಲಿ ಮೋಡ ಹಾಯುವಾಗಲೆಲ್ಲ ಚೌಕಟ್ಟು ಅತ್ತಿತ್ತ ತಡಕಾಡುತ್ತ ಮೋಟಾರು ಸವೆಸುತ್ತದೆ. ಗಡಿಯಾರದಂತೆ ಇಪ್ಪತ್ತು ನಿಮಿಷಕ್ಕೊಮ್ಮೆ 5 ಡಿಗ್ರಿ ತಳ್ಳಿ, ಸಂಜೆ ಪೂರ್ವಕ್ಕೆ ಮರಳಿಸುವ ಟೈಮರು ನಮಗೆ ಮೇಲು. ಯಾವುದೇ ಆಗಲಿ, ಎರಡು ತುದಿಗಳಲ್ಲಿ ಲಿಮಿಟ್ ಸ್ವಿಚ್ಚು, ಸರಿಯಾದ ಫ್ಯೂಸು, ಮೋಟಾರು ಕೆಟ್ಟ ದಿನ ದಂಡವನ್ನು ಕಳಚಿ ಕೈಯಿಂದ ತಿರುಗಿಸುವ ಅವಕಾಶ, ಈ ಮೂರು ಇರಲೇಬೇಕು. ಮೋಟಾರಿನ ಚೌಕಟ್ಟಿಗೂ ಊರೆ ಪೈಪು ತಪ್ಪದು. ಗಾಳಿಯ ಪೂರ್ತಿ ಭಾರವನ್ನು ದಂಡ ಹೊರಲಾರದು.

ಮಳೆ, ತುಕ್ಕು, ಬೋರ್ಡೋ

ಮಲೆನಾಡಿನಲ್ಲಿ ಚೌಕಟ್ಟನ್ನು ಹಾಳುಮಾಡುವುದು ಬಿಸಿಲಲ್ಲ, ನಾಲ್ಕು ತಿಂಗಳ ತೇವ. ಜಿ.ಐ. ಪೈಪನ್ನು ವೆಲ್ಡ್ ಮಾಡಿದಲ್ಲೆಲ್ಲ ಸತುವಿನ ಲೇಪ ಸುಟ್ಟುಹೋಗಿರುತ್ತದೆ. ತುಕ್ಕು ಅಲ್ಲಿಂದಲೇ ಸುರು. ಬೆಸುಗೆಯ ಕಿಟ್ಟವನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಅದೇ ದಿನ ಸತುವಿನ ಬಣ್ಣ ಎರಡು ಕೈ ಹೊಡೆಯಬೇಕು. ಪೈಪಿನ ಮೇಲಿನ ಬಾಯಿಗಳನ್ನು ಮುಚ್ಚಿ, ಕೆಳತುದಿಯಲ್ಲಿ ನೀರಿಳಿಯಲು ಸಣ್ಣ ತೂತು ಬಿಡಿ. ಎರಡೂ ಕಡೆ ಮುಚ್ಚಿದ ಪೈಪಿನೊಳಗೆ ಹೇಗೋ ಸೇರಿದ ನೀರು ಹೊರಬರಲಾರದೆ ಒಳಗಿನಿಂದ ತಿನ್ನುತ್ತದೆ. ಕಂಬದ ಬುಡದಲ್ಲಿ ಕಾಂಕ್ರೀಟನ್ನು ನೆಲದಿಂದ ಅರ್ಧ ಅಡಿ ಎತ್ತರಿಸಿ ಸುತ್ತಲೂ ಇಳಿಜಾರು ಕೊಡಬೇಕು.

ಫಲಕದ ಅಂಚು ಅಲ್ಯೂಮಿನಿಯಂ. ಅದು ಬೇರೆ ಲೋಹಕ್ಕೆ ತಾಗಿ ಒದ್ದೆಯಾಗಿದ್ದರೆ ಎರಡರಲ್ಲಿ ಒಂದು ಸವೆಯುತ್ತದೆ. ನಡುವೆ ರಬ್ಬರು ಅಥವಾ ನೈಲಾನ್ ವಾಷರು ಹಾಕಿ. ಬೋಲ್ಟು-ನಟ್ಟುಗಳು ಸ್ಟೇನ್‌ಲೆಸ್ ಆಗಿರಲಿ.

ಅಡಿಕೆ ತೋಟದವರಿಗೆ ಇನ್ನೊಂದು ಎಚ್ಚರಿಕೆ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತವಿದೆ. ಅದರ ತಾಮ್ರ ಸತುವಿನ ಲೇಪಕ್ಕೂ ಅಲ್ಯೂಮಿನಿಯಮಿಗೂ ವೈರಿ. ಸುಣ್ಣ ಗಾಜಿನ ಮೇಲೆ ಬಿಳಿಯ ಪೊರೆಯಾಗಿ ಕೂರುತ್ತದೆ. ಮದ್ದು ಹೊಡೆಯುವ ದಿನ ಚೌಕಟ್ಟಿಗೆ ಪ್ಲಾಸ್ಟಿಕ್ ಹಾಳೆ ಹೊದಿಸಿ. ಹನಿ ಬಿದ್ದಿದ್ದರೆ ಒಣಗುವ ಮೊದಲೇ ನೀರಿನಿಂದ ತೊಳೆದುಬಿಡಿ.

ವಯರು ಮಾಮೂಲಿ ಪಿ.ವಿ.ಸಿ.ಯದಾದರೆ ಬಿಸಿಲಿಗೆ ಸೀಳುತ್ತದೆ. ಸೋಲಾರಿಗೆಂದೇ ಬರುವ ವಯರು ಬಳಸಿ. ಅಕ್ಷದ ಹತ್ತಿರ ಅದು ದಿನವೂ ಬಾಗುವುದರಿಂದ ಅಲ್ಲಿ ಸಡಿಲವಾಗಿ ಒಂದು ಸುತ್ತು ಬಿಡಬೇಕು. ನಿಯಂತ್ರಕದ ಪೆಟ್ಟಿಗೆಗೆ ವಯರು ಕೆಳಗಿನಿಂದಲೇ ಹೋಗಲಿ. ಒಳಹೋಗುವ ಮೊದಲು ವಯರನ್ನು ಪೆಟ್ಟಿಗೆಗಿಂತ ಕೆಳಕ್ಕೆ ಇಳಿಬಿಟ್ಟು ಮೇಲೆತ್ತಿದರೆ ಅದರ ಗುಂಟ ಹರಿದು ಬಂದ ನೀರು ಅಲ್ಲೇ ತೊಟ್ಟಿಕ್ಕುತ್ತದೆ. ಪೆಟ್ಟಿಗೆಯ ತೂತುಗಳಿಗೆ ಸಣ್ಣ ಜಾಲರಿ ಹಾಕದಿದ್ದರೆ ಇರುವೆ, ಹಲ್ಲಿ, ಕಡಜಗಳು ಒಂದೇ ತಿಂಗಳಲ್ಲಿ ಮನೆ ಮಾಡುತ್ತವೆ. ಮೋಟಾರು ದಂಡದ ಹೊರಚಾಚುವ ಭಾಗಕ್ಕೆ ರಬ್ಬರಿನ ಗವಸು ತೊಡಿಸಿ. ನೀರಿಳಿಯುವ ತೂತು ಕೆಳಮುಖವಾಗಿರಲಿ. ಚೌಕಟ್ಟಿಗೆ ಭೂಸಂಪರ್ಕ ಕಡ್ಡಾಯ. ಸಿಡಿಲಿನ ಸಮಯದಲ್ಲಿ ಯಾರೂ ಚೌಕಟ್ಟಿನ ಹತ್ತಿರ ಹೋಗಕೂಡದು; ಮಟ್ಟಕ್ಕೆ ತರುವ ಕೆಲಸ ಗುಡುಗು ದೂರವಿರುವಾಗಲೇ ಮುಗಿದಿರಬೇಕು.

ಮೇ ಕೊನೆಗೆ ಮೋಟಾರು ದಂಡವನ್ನು ಬಿಚ್ಚಿ ಒರೆಸಿ ಮನೆಯೊಳಗೆ ಇಡಿ. ಚೌಕಟ್ಟನ್ನು ಮಟ್ಟದ ನಿಲುವಿನಲ್ಲಿ ಮೂರು ಪಿನ್ನು ಹಾಕಿ ಬಿಗಿಯಿರಿ. ಸೆಪ್ಟೆಂಬರಿನ ನಂತರ ಫಲಕದ ಕೆಳ ಅಂಚಿನ ಪಾಚಿಯನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ, ತುಕ್ಕು ಕಂಡಲ್ಲಿ ಬಣ್ಣ ಹಚ್ಚಿ, ನಟ್ಟುಗಳನ್ನು ಬಿಗಿದರೆ ಮುಂದಿನ ಬೇಸಗೆಗೆ ಸಿದ್ಧ.

ಸಹಾಯಧನದ ಪಂಪಿನವರಿಗೆ

ಕೇಂದ್ರದ ಪಿಎಂ-ಕುಸುಮ್ ಯೋಜನೆ 2019ರಲ್ಲಿ ಬಂದಿತು. ಇದರಡಿ ಪಡೆದ ಪಂಪಿಗೆ ಐದು ವರ್ಷಗಳ ನಿರ್ವಹಣೆಯ ಹೊಣೆ ಸರಬರಾಜುದಾರರದು. ಆ ಅವಧಿಯೊಳಗೆ ಅವರ ಚೌಕಟ್ಟನ್ನು ಕೊಯ್ದು ಬೆಸೆದರೆ ಹೊಣೆಗಾರಿಕೆಯಿಂದ ಅವರು ಜಾರಿಕೊಳ್ಳಲು ನಾವೇ ದಾರಿ ಮಾಡಿಕೊಟ್ಟಂತೆ. ಹಾಕಿಕೊಟ್ಟ ಚೌಕಟ್ಟಿನಲ್ಲೇ ತಿರುಗಿಸುವ ಏರ್ಪಾಡು ಇದೆಯೇ ಎಂದು ಮೊದಲು ನೋಡಿ. ಇದ್ದರೆ ಬಳಸಿ, ಬದಲಾವಣೆ ಬೇಕಿದ್ದರೆ ಲಿಖಿತ ಒಪ್ಪಿಗೆ ಪಡೆಯಿರಿ.

ಕೊನೆಯದಾಗಿ, ಕೆಲಸದ ಅನುಕ್ರಮ ಹೀಗಿರಲಿ: ಮೊದಲು ನೆರಳಿನ ಪರೀಕ್ಷೆ, ಆಮೇಲೆ ಮರಗಸಿ, ಆಮೇಲೆ ಐದನೆಯ ಫಲಕದ ಬೆಲೆ ವಿಚಾರಣೆ, ಆಮೇಲೆ ಕೈಯಿಂದ ತಿರುಗಿಸುವ ಚೌಕಟ್ಟು. ಮೋಟಾರು ಎಲ್ಲಕ್ಕಿಂತ ಕೊನೆಗೆ. ಚೌಕಟ್ಟು ಹಾಕಿದ ಸದಸ್ಯರು ಜನವರಿಯಿಂದ ಏಪ್ರಿಲ್‌ವರೆಗೆ ಪಂಪು ನೀರೆತ್ತಲು ಸುರುಮಾಡಿದ ಹೊತ್ತು, ನಿಂತ ಹೊತ್ತು, ತೊಟ್ಟಿ ತುಂಬಿದ ಹೊತ್ತುಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟು, ಒಂದು ವಾರ ತಿರುಗಿಸಿ, ಮರುವಾರ ತಿರುಗಿಸದೆ ಹೋಲಿಸಿ ನೋಡಬೇಕಾಗಿ ಕೋರುತ್ತೇವೆ. ಆ ಅಂಕಿಗಳನ್ನು ಸಂಘದ ಕಚೇರಿಗೆ ತಲಪಿಸಿದರೆ ಇದೇ ಪತ್ರಿಕೆಯಲ್ಲಿ ಪ್ರಕಟಿಸುತ್ತೇವೆ. ನಮ್ಮ ತೋಟಗಳಲ್ಲೇ ಅಳೆದ ಲೆಕ್ಕ ಉಳಿದ ಸದಸ್ಯರಿಗೆ ಪುಸ್ತಕದ ಅಂಕಿಗಿಂತ ಹೆಚ್ಚು ಉಪಯೋಗಕ್ಕೆ ಬೀಳುತ್ತದೆ.